ಕೂಗದೆ ನಡೆದು ಬಂದ ಫೋನ್ ಮನೆ ಅತ್ತೆ

ಫೋನ್ ಎತ್ತುವ ಮೊದಲು ಅವರು ಬಲಗಿವಿಯ ಬೆಂಡೋಲೆ ಬಿಚ್ಚುತ್ತಿದ್ದರು. ರಿಸೀವರ್ ಒತ್ತಿದರೆ ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚುತ್ತಿತ್ತಂತೆ. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕಿ, ಆ ಕಿವಿಯ ಹಾಲೆ ಜೋತುಬಿದ್ದು ಸದಾ ಕೆಂಪಗಿರುತ್ತಿತ್ತು. ಅಷ್ಟರಲ್ಲಿ ಅತ್ತ ಕಡೆಯವರು ಬೇಸತ್ತು ಫೋನ್ ಇಟ್ಟುಬಿಡುವುದೂ ಇತ್ತು. "ಇವ್ರು ಓಲೆ ಬಿಚ್ಚೋದ್ರೊಳಗೆ ಹಾಸನದಿಂದ ಬಸ್ ಹತ್ತಿ ಬಂದೇ ಹೇಳಿ ಹೋಗ್ಬೋದು" ಎಂದು ಗುಮಾಸ್ತರಾಗಿದ್ದ ನಮ್ಮಪ್ಪ ರೇಗಿಸುತ್ತಿದ್ದರು.

ಹೊಳೆನರಸೀಪುರದ ನಮ್ಮ ಬೀದಿಗೆ ಇದ್ದದ್ದು ಅದೊಂದೇ ಫೋನು. ಅವರ ಯಜಮಾನರು ತೆಂಗಿನಕಾಯಿ ಮಂಡಿಯವರು. ವ್ಯಾಪಾರಕ್ಕೆಂದು ಹಾಕಿಸಿದ ಫೋನು ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಇಡೀ ಬೀದಿಯ ಸ್ವತ್ತಾಗಿತ್ತು. ಮದುವೆ ಕಾಗದದಲ್ಲಿ, ಕೆಲಸದ ಅರ್ಜಿಯಲ್ಲಿ ಎಲ್ಲರೂ ಅದೇ ನಂಬರ್ ಬರೆದು ಪಕ್ಕದಲ್ಲಿ 'ಪಿ.ಪಿ.' ಎಂದು ಸೇರಿಸುತ್ತಿದ್ದೆವು. ನೆರೆಮನೆಯ ಫೋನು, ಕೂಗಿ ಕರೆಯುತ್ತಾರೆ ಎಂದು ಅದರರ್ಥ. ನೆಂಟಸ್ತಿಕೆಯೇನೂ ಇಲ್ಲದಿದ್ದರೂ ಮಕ್ಕಳಿಗೆಲ್ಲ ಅವರು ಫೋನ್ ಮನೆ ಅತ್ತೆ.

ಅತ್ತೆ ಫೋನ್ ಎತ್ತಿದ ಕೂಡಲೇ ಯಾರನ್ನೂ ಕರೆಯುತ್ತಿರಲಿಲ್ಲ. "ಏನು ಇಸ್ಯ, ಮೊದ್ಲು ನನ್ಗೇಳಿ" ಎನ್ನುತ್ತಿದ್ದರು. ಇದಕ್ಕೆ ಬೀದಿಯಲ್ಲಿ ಬೈಯದವರಿಲ್ಲ. ಕಂಡವರ ಮನೆ ಸುದ್ದಿ ಇವರಿಗ್ಯಾಕೆ ಎಂದು ನನಗೂ ಮೈ ಉರಿಯುತ್ತಿತ್ತು. ಆದರೆ ಕೇಳಿಕೊಂಡ ಮೇಲೆ ಅವರು ಮಾಡುತ್ತಿದ್ದದ್ದು ಎರಡರಲ್ಲಿ ಒಂದು. ಸುದ್ದಿ ಒಳ್ಳೆಯದಿದ್ದರೆ, ಇಲ್ಲವೇ ಸಾಧಾರಣದ್ದಾಗಿದ್ದರೆ, ಜಗಲಿಗೆ ಬಂದು ಹೊಳೆಯಾಚೆಗೂ ಕೇಳುವಂತೆ, "ಏ ಗುಮಾಸ್ತರ ಮನೆಯವ್ರೇ, ಫೋನ್ ಬಂದೈತೆ ಬನ್ರವ್ವೋ!" ಎಂದು ಕೂಗುತ್ತಿದ್ದರು. ಸಾವು ನೋವಿನದಾದರೆ ಕೂಗುತ್ತಿರಲಿಲ್ಲ. ಸೆರಗು ಹೊದ್ದು, ಗೇಟು ಮುಂದಕ್ಕೆ ಹಾಕಿ, ತಾವೇ ನಡೆದು ಬರುತ್ತಿದ್ದರು. ಬಂದು ಮೊದಲು ನಮ್ಮ ಕೈ ಹಿಡಿದು ಕೂರಿಸಿ, ಆಮೇಲೆ ಹೇಳುತ್ತಿದ್ದರು.

ಬೀದಿ ಇದನ್ನು ಬಲುಬೇಗ ಕಲಿಯಿತು. ಅತ್ತೆ ಬಾಯಿಬಿಡದೆ ಗೇಟು ದಾಟಿದರೆ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದರು. ನಮ್ಮ ಮನೆ ದಾಟಿ ಹೋಗಲಪ್ಪ ದೇವರೇ ಎಂದು ನಾನೂ ಬೇಡಿಕೊಂಡದ್ದುಂಟು. ದಾಟಿ ಹೋದರೆ ಇನ್ನೊಬ್ಬರ ಮನೆಗೇ ಅಲ್ಲವೇ ಎಂಬ ನಾಚಿಕೆ ಆಗ ಇರಲಿಲ್ಲ.

ನಾನು ಮೊದಲನೇ ಪಿಯುಸಿಯಲ್ಲಿದ್ದಾಗ ಅಮ್ಮನ ಗರ್ಭಕೋಶದಲ್ಲಿ ಗಡ್ಡೆ ಎಂದು ಹಾಸನದ ಆಸ್ಪತ್ರೆಗೆ ಸೇರಿಸಿದರು. ಅಮ್ಮನ ಮೈಯಲ್ಲಿ ರಕ್ತ ಕಡಿಮೆ, ಆಪರೇಷನ್ ತಡೆದುಕೊಂಡರೆ ಪುಣ್ಯ ಎಂದಿದ್ದರಂತೆ ಡಾಕ್ಟರು. ಮನೆಯಲ್ಲಿ ಉಳಿದದ್ದು ಅಪ್ಪನ ತಾಯಿ ನಮ್ಮಜ್ಜಿ ಮತ್ತು ನಾನು. "ಬೆಳಿಗ್ಗೆ ಆಪರೇಷನ್. ಮಧ್ಯಾಹ್ನದೊಳಗೆ ಫೋನ್ ಮಾಡ್ತೀನಿ, ಮನೆ ಬಿಟ್ಟು ಎಲ್ಲೂ ಹೋಗ್ಬೇಡಿ" ಎಂದು ಅಪ್ಪ ಹೇಳಿ ಹೋಗಿದ್ದರು.

ಆವತ್ತು ನಾನು ಬೆಳಗಿನಿಂದ ಜಗಲಿ ಬಿಟ್ಟೇಳಲಿಲ್ಲ. ಹನ್ನೆರಡರ ಸುಮಾರಿಗೆ ಫೋನ್ ಹೊಡೆದುಕೊಂಡಿತು. ಎಣಿಸಿದೆ, ಏಳು ಸಲ. ನಿಂತಿತು. ಕೂಗು ಬರಲಿಲ್ಲ, ಅತ್ತೆಯೂ ಈಚೆಗೆ ಬರಲಿಲ್ಲ. ತಡೆಯಲಾರದೆ ಓಡಿಹೋಗಿ ಕಿಟಕಿಯಲ್ಲಿ ಇಣುಕಿದೆ. ಅತ್ತೆ ಫೋನಿನ ಪಕ್ಕ ನೆಲದ ಮೇಲೆ ಕೂತಿದ್ದರು.

"ನಮ್ಗಾ ಅತ್ತೆ?"

"ಅಲ್ಲ ಕಣವ್ವಾ, ನಮ್ಮೋರ್ದು. ಓಗು, ನೀನ್ ಉಣ್ಣೋಗು" ಎಂದರು, ನನ್ನ ಕಡೆ ತಿರುಗದೆ.

ಸ್ವಲ್ಪ ಹೊತ್ತಿಗೆ ಅವರ ಯಜಮಾನರು ಮಂಡಿಯಿಂದ ಧಾವಿಸಿ ಬಂದರು. ಹಾಗೆಯೇ ಬಸ್ ಸ್ಟ್ಯಾಂಡಿನ ಕಡೆ ಒಬ್ಬರೇ ಹೋದರು. ಗಂಡ ಹೆಂಡಿರ ಜಗಳವಿರಬೇಕು ಎಂದುಕೊಂಡೆ. ಎರಡಾಯಿತು, ಮೂರಾಯಿತು. ಅಜ್ಜಿ ಅನ್ನ ಬಸಿದಿಟ್ಟು ತಟ್ಟೆ ಹಾಕಲೇ ಇಲ್ಲ. ನಾಲ್ಕಕ್ಕೆ ಮತ್ತೆ ಫೋನ್. ಈ ಸಲ ಎರಡನೇ ಸಲಕ್ಕೇ ಎತ್ತಿದರು. ನಾನು ಕೂಗಿಗೆ ಕಾದೆ.

ಗೇಟಿನ ಸದ್ದಾಯಿತು. ಅತ್ತೆ ಸೆರಗು ಹೊದ್ದು, ಬಾಯಿಬಿಡದೆ ನಡೆದು ಬರುತ್ತಿದ್ದರು. ಒಂದು ಮನೆ ದಾಟಿದರು, ಇನ್ನೊಂದು ದಾಟಿದರು. ನೇರ ನಮ್ಮ ಮನೆಗೇ.

ಒಳಗೆ ನುಗ್ಗಿ ಬಾಗಿಲು ಹಾಕಿ ಚಿಲಕ ಜಡಿದೆ. ಅತ್ತೆ ಒಳಗೆ ಬರದಿದ್ದರೆ ಸುದ್ದಿಯೂ ಒಳಗೆ ಬರುವುದಿಲ್ಲ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ನಂಬಿದ್ದೆ. ಕಿಟಕಿಯಲ್ಲಿ ನೋಡುತ್ತಿದ್ದ ಅಜ್ಜಿ "ಅಯ್ಯೋ, ಮೋಸ ಆಗೋಯ್ತಲ್ಲೋ ಮಗಾ" ಎಂದು ಎದೆ ಬಡಿದುಕೊಂಡು ಕುಸಿಯಿತು. ಅದರ ಗೋಳಿಗೆ ಅಕ್ಕಪಕ್ಕದವರು ಸೇರಿದರು. ಅತ್ತೆ ಬಾಗಿಲು ಬಡಿಯುತ್ತಲೇ ಇದ್ದರು.

"ಬಾಗ್ಲು ತೆಗಿ ಮಗಾ. ನಿಮ್ಮವ್ವ ಚೆನ್ನಾಗವ್ಳೆ. ಆಪ್ರೇಸನ್ ಆಯ್ತಂತೆ, ಕಣ್ ಬುಟ್ಟವ್ಳಂತೆ."

ದನಿ ಅಷ್ಟು ಸಣ್ಣಗಿತ್ತು. ಮೂರು ಸಲ ಹೇಳಿದ ಮೇಲೆ ನನಗೆ ಅರ್ಥವಾಯಿತು. ಡಾಕ್ಟರು ಬರುವುದೇ ತಡವಾಗಿತ್ತಂತೆ, ಅಷ್ಟೇ.

ಬಾಗಿಲು ತೆಗೆದವಳು ಅವರ ಕೈ ಹಿಡಿದು ಅಳಬೇಕಿತ್ತು. ನಾನು ಕೂಗಾಡಿದೆ. "ಇದನ್ನ ಅಲ್ಲಿಂದ್ಲೇ ಕೂಗೋಕೇನಾಗಿತ್ತು ನಿಮ್ಗೆ? ಅಜ್ಜಿ ಸತ್ತೇ ಹೋಗ್ತಿತ್ತು. ಇನ್ಮೇಲೆ ನಮ್ಮನೆ ಬಾಗ್ಲಿಗೆ ಹಿಂಗೆ ಬರ್ಬೇಡಿ!" ಬೀದಿಯವರೂ ದನಿಗೂಡಿಸಿದರು. "ತೆಪ್ಪಾಯ್ತು ಕಣವ್ವಾ. ಕೂಗಾನಾ ಅಂದ್ರೆ ಗಂಟ್ಲೇ ಬರ್ನಿಲ್ಲ" ಎಂದು ಹೇಳಿ ಅತ್ತೆ, ಮನೆಗೂ ಹೋಗದೆ, ಹಾಗೇ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಎಲ್ಲ ತಿಳಿದದ್ದು ವಾರದ ಮೇಲೆ, ಅವರ ಯಜಮಾನರಿಂದ. ಹನ್ನೆರಡಕ್ಕೆ ಬಂದದ್ದು ಚನ್ನರಾಯಪಟ್ಟಣದ ಫೋನು. ಅತ್ತೆಯ ಒಬ್ಬನೇ ತಮ್ಮ ಬೆಳಿಗ್ಗೆ ಎದೆನೋವಿನಿಂದ ತೀರಿಕೊಂಡಿದ್ದ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತೇವೆ, ಬೇಗ ಬನ್ನಿ ಎಂದಿದ್ದರು. "ನೀವು ಮುಂದ್ಲ ಬಸ್ಸಿಗೋಗಿ. ಗುಮಾಸ್ತರ ಫೋನ್ ಬರ್ಬೇಕು, ಮಗ ಕಾಯ್ತಾ ಕುಂತೈತೆ" ಎಂದು ಗಂಡನನ್ನು ಕಳಿಸಿ ಇವರು ಉಳಿದರಂತೆ. ಅತ್ತೆ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಜನ ಗುಂಡಿಯ ಹತ್ತಿರದಿಂದ ವಾಪಸು ಬರುತ್ತಿದ್ದರಂತೆ. ಎತ್ತಿ ಆಡಿಸಿದ ತಮ್ಮನ ಮುಖ ಅವರಿಗೆ ಸಿಗಲಿಲ್ಲ.

ಅಮ್ಮ ಆಸ್ಪತ್ರೆಯಿಂದ ಬಂದು, ನಾಲ್ಕು ಹೆಜ್ಜೆ ಹಾಕುವಂತಾದ ಮೇಲೆ ಅವರನ್ನು ಮಾತಾಡಿಸಲು ಹೋದೆವು. ನನಗೆ ತಲೆ ಎತ್ತಲಾಗಲಿಲ್ಲ. ಕ್ಷಮಿಸಿ ಎನ್ನಬೇಕಾದವಳು ವಾದಕ್ಕೆ ನಿಂತೆ, ನನ್ನ ಬುದ್ಧಿಯೇ ಅಷ್ಟು. "ಬೀಗದ ಕೈ ನಂಗೆ ಕೊಟ್ಟು ಹೋಗ್ಬೋದಿತ್ತಲ್ಲ ಅತ್ತೆ? ನಾನೇ ಎತ್ತಿ ಮಾತಾಡ್ತಿದ್ದೆ."

ಅತ್ತೆ ಅಮ್ಮನ ಬೆನ್ನಿಗೆ ದಿಂಬು ಸರಿ ಮಾಡುತ್ತಿದ್ದರು.

"ಅದು ಬ್ಯಾರೆ ಸುದ್ದಿ ಆಗಿದ್ರೆ? ನೀನೊಬ್ಳೇ ನಿಂತ್ಕಂಡು ಕೇಳ್ಬೇಕಿತ್ತಲ್ಲವ್ವಾ" ಎಂದರು.

ಕ್ಷಮೆ ಆಗಲೂ ಕೇಳಲಿಲ್ಲ. ಆಮೇಲೆ ಕೇಳಿದರಾಯಿತು ಎಂದು ಮುಂದೂಡಿದ್ದು ವರ್ಷಗಳೇ ಆದವು. ಮನೆಮನೆಗೂ ಫೋನ್ ಬಂತು, ಪಿ.ಪಿ. ಎಂದು ಬರೆಯುವುದು ನಿಂತಿತು, ಅತ್ತೆಯ ಜಗಲಿ ಸುಮ್ಮನಾಯಿತು. ಅಮ್ಮ ಮೊಮ್ಮಕ್ಕಳನ್ನೂ ಕಂಡಳು.

ನಾನು ಅರಕಲಗೂಡಿನ ಶಾಲೆಯೊಂದರಲ್ಲಿ ಟೀಚರಾಗಿದ್ದಾಗ, ಪಾಠದ ನಡುವೆ ಬ್ಯಾಗಿನಲ್ಲಿದ್ದ ಮೊಬೈಲು ನಡುಗಿತು. ಫೋನ್ ಮನೆ ಅತ್ತೆ ಹೋಗಿಬಿಟ್ಟರು, ಸಂಜೆಯೊಳಗೆ ಮಣ್ಣು ಎಂದು ಅಪ್ಪ ಹೇಳಿದರು. ಮಕ್ಕಳೆದುರು ನಿಂತುಕೊಂಡೇ ಕೇಳಿಸಿಕೊಂಡೆ. ಹೆಡ್ ಮೇಷ್ಟ್ರಿಗೆ ಹೇಳುವಷ್ಟೂ ವ್ಯವಧಾನವಿರಲಿಲ್ಲ, ಸಿಕ್ಕಿದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಗಡಿಯಾರ ನೋಡಿಕೊಂಡೇ ಕೂತಿದ್ದೆ.

ನಾನು ಹೋದಾಗ ಇನ್ನೂ ಎತ್ತಿರಲಿಲ್ಲ. ಜಗಲಿಯ ಮೇಲೆ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಕಾಲು ಮುಟ್ಟಿ, ಅಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಿದೆ. ಎದ್ದು ನಿಂತು ಕಣ್ತುಂಬ ಅವರ ಮುಖ ನೋಡಿದೆ. ಯಾರೂ ಅವಸರ ಮಾಡಲಿಲ್ಲ. ಆವತ್ತು ಉಳಿಯದೆ ಹೋಗಿದ್ದರೆ ತಮ್ಮನ ಮುಖವನ್ನು ಅವರೂ ಹೀಗೆ ನೋಡಬಹುದಿತ್ತು.