ನಾಲ್ಕು ಟೈರು, ಒಂದು ಹೂಂ

ಕಾರಿನ ಮುಂದಿನ ಎಡ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದದ್ದನ್ನು ನೋಡಿದ್ದು ನಾನು. ಹಿಂದೆಲ್ಲಾ ಇಂಥದ್ದು ನಮ್ಮ ಮನೆಯವರ ಕಣ್ಣಿಗೆ ಹತ್ತು ಮಾರು ದೂರದಿಂದಲೇ ಬೀಳುತ್ತಿತ್ತು. ಮೂವತ್ತು ವರ್ಷ ನ್ಯಾಮತಿಯಿಂದ ಬಾಡಿಗೆ ಕಾರು ಓಡಿಸಿದ ಮನುಷ್ಯ ಅವರು. ಈಗ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಾನು ಬಗ್ಗಿ ನೋಡುವುದನ್ನೇ ನೋಡುತ್ತಿದ್ದರು.

"ರೀ, ಟೈರು ಹೋಗೈತೆ. ನಾಲ್ಕೂ ಬದಲಾಯಿಸಾಣಾ?" ಎಂದೆ.

"ಹೂಂ" ಎಂದರು, ನಿಧಾನವಾಗಿ ತಲೆಯಾಡಿಸಿದರು.

ಲಕ್ವ ಹೊಡೆದು ಒಂದೂವರೆ ವರ್ಷವಾಗಿತ್ತು. ಬಲಗೈ, ಬಲಗಾಲು ಹೋದವು; ಮಾತೂ ಹೋಯಿತು. ಉಳಿದದ್ದು ಎಡಗೈ, ಈ ತಲೆಯಾಟ, ಈ ಹೂಂ. ಒಳಗೆ ಎಷ್ಟು ತಿಳಿಯುತ್ತದೋ ಹೇಳಲಾಗದು ಎಂದು ದಾವಣಗೆರೆಯ ಡಾಕ್ಟರು ಕೈ ಚೆಲ್ಲಿದ್ದರು. ಎಲ್ಲವೂ ತಿಳಿಯುತ್ತದೆ ಎಂದು ನಾನೇ ತೀರ್ಮಾನ ಮಾಡಿದೆ. "ಅತ್ತಿಗೆ, ಅಣ್ಣಗೆ ಏನೂ ತಿಳಿಯಂಗಿಲ್ಲ ಅನಸ್ತೈತೆ" ಎಂದ ನಾದಿನಿಯ ಜೊತೆ ಎರಡು ತಿಂಗಳು ಮಾತು ಬಿಟ್ಟೆ. ನಾನು ಶಾಲೆಯ ಮೇಷ್ಟರಮ್ಮ. ಸರಿ ತಪ್ಪು ಹೇಳುವ ಕೆಲಸ ನನ್ನದು, ಬೇರೆಯವರು ನನಗೆ ಹೇಳಿದರೆ ಮೈಯೆಲ್ಲಾ ಉರಿಯುತ್ತದೆ.

ಆ ಹೂಂ ನನಗೆ ಬೇಕೇ ಬೇಕಾಗಿತ್ತು. ಕಾರಣವನ್ನು ಮುಚ್ಚಿಡುವುದಿಲ್ಲ. ಲಕ್ವ ಹೊಡೆದ ದಿನ ಬೆಳಿಗ್ಗೆ ಅವರು, "ಯಾಕೋ ಕೈ ಜೋಮು ಹಿಡದಂಗೆ ಆಗೈತೆ ಕಣೇ" ಎಂದಿದ್ದರು. ಬಸವಾಪಟ್ಟಣದಲ್ಲಿ ನನ್ನ ತಮ್ಮನ ಮನೆಯ ಗೃಹಪ್ರವೇಶ ಮರುದಿನವಿತ್ತು. ಅಲ್ಲಿಗೆ ಬರಲು ಅವರಿಗೆ ಇಷ್ಟವಿರಲಿಲ್ಲ, ಹಿಂದಿನ ದಿನ ಅದಕ್ಕೇ ಜಗಳವಾಗಿತ್ತು. "ಸಾಕು ಮಾಡ್ರಿ ನಾಟಕಾನಾ" ಎಂದು ಬ್ಯಾಗು ಹೆಗಲಿಗೇರಿಸಿ ಶಾಲೆಗೆ ಹೋದೆ. ಸಂಜೆ ಬಂದಾಗ ಅಡುಗೆಮನೆಯ ಬಾಗಿಲಲ್ಲಿ ಬಿದ್ದಿದ್ದರು. ಡಾಕ್ಟರು "ಬೆಳಿಗ್ಗೆನೇ ತಂದಿದ್ರೆ" ಎಂದು ಶುರುಮಾಡಿ, ನನ್ನ ಮುಖ ನೋಡಿ ಔಷಧಿ ಚೀಟಿ ಬರೆಯತೊಡಗಿದರು. ಮನೆಗೆ ಕರೆತಂದ ಮೇಲೆ ಒಂದು ದಿನ ಅವರ ಕಾಲ ಹತ್ತಿರ ಕೂತು, "ನನ್ ತಪ್ಪನ್ನ ಹೊಟ್ಟೆಗೆ ಹಾಕ್ಕಂಡೀರಾ?" ಎಂದು ಕೇಳಿದೆ. ಹೂಂ ಎಂದರು. ಅದೊಂದು ಹೂಂ ಹಿಡಿದುಕೊಂಡು ನಾನು ಊಟ ಮಾಡಿದೆ, ನಿದ್ದೆ ಮಾಡಿದೆ, ಶಾಲೆಗೆ ಹೋದೆ.

ಐವತ್ತೊಂದನೆಯ ವಯಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ಕಾರು ಕಲಿತದ್ದೂ ಅದೇ ಬಲದ ಮೇಲೆ. ಜಗಳೂರಿನ ಆಚೆ ಒಂದು ಹಳ್ಳಿಯಲ್ಲಿ ಲಕ್ವಕ್ಕೆ ಎಣ್ಣೆ ತಿಕ್ಕುವವರಿದ್ದಾರೆಂದು ಯಾರೋ ಹೇಳಿದ್ದರು. ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆವು. ಶಿವರಾತ್ರಿ ಕಳೆಯಿತೆಂದರೆ ಆ ಕಡೆ ರಸ್ತೆ ಹೆಂಚಿನಂತೆ ಕಾಯುತ್ತದೆ. ನಮ್ಮ ಓಣಿಯ ಮೆಕ್ಯಾನಿಕ್ಕು ಗುಳ್ಳೆ ನೋಡಿದವನೇ, "ಮೇಡಂ, ಈ ಟೈರಾಗೆ ಜಗಳೂರು ಬಿಸಿಲಿಗೆ ಹೋಗಬ್ಯಾಡ್ರಿ, ಇಬ್ರೂ ಉಳಿಯಾಕಿಲ್ಲ" ಎಂದ.

ಟೈರು ಹೊನ್ನಾಳಿಯಲ್ಲೂ ಸಿಗುತ್ತಿತ್ತು. ನಾನು ಸ್ಟೆಪ್ನಿ ಹಾಕಿಸಿ, ನಮ್ಮವರನ್ನು ಕೂರಿಸಿಕೊಂಡು ಚನ್ನಗಿರಿಗೇ ಹೋದೆ, ಅವರು ಯಾವಾಗಲೂ ಕೊಳ್ಳುತ್ತಿದ್ದ ಅಂಗಡಿಗೆ. ಟೈರನ್ನು ಅವರೇ ಆರಿಸಬೇಕು ಎಂದು ಹಟ ಹಿಡಿದಿದ್ದೆ. ಸೀರೆಯಂಗಡಿಯಲ್ಲಿ ಐದು ನಿಮಿಷ ನಿಲ್ಲಲಾರದ ಗಂಡಸು ಟೈರಿನಂಗಡಿಯಲ್ಲಿ ಅರ್ಧ ದಿನ ಕಳೆಯುತ್ತಿದ್ದರು. ರಬ್ಬರಿಗೆ ಹೆಬ್ಬೆರಳ ಉಗುರು ಒತ್ತಿ ನೋಡುವುದು, ಮೂಸುವುದು, ಯಾವ ವಾರ ತಯಾರಾದದ್ದು ಎಂದು ಪಕ್ಕೆಯ ಮೇಲಿನ ಅಂಕಿ ಓದುವುದು. ಅಷ್ಟು ಬಲ್ಲವರು ಇವತ್ತು ಒಂದು ಟೈರು ಆರಿಸಿದರೆ, ಒಳಗೆ ಅವರು ಪೂರ್ತಿ ಇದ್ದಾರೆ ಎಂದೇ ಅರ್ಥ. ನಾದಿನಿಯ ಬಾಯಿ ಮುಚ್ಚಿಸಬಹುದು ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅಂಗಡಿಯ ಯಜಮಾನರು ಕಾರಿನ ಬಾಗಿಲಿಗೇ ಎರಡು ಟೈರು ಉರುಳಿಸಿಕೊಂಡು ಬಂದರು. "ಇದು ಗಟ್ಟಿ ರಬ್ಬರ್ ಅಕ್ಕಾರೆ, ಜಾಸ್ತಿ ದಿನ ಬರ್ತೈತೆ, ಲೋಡಿಗೆ ಚಲೋ. ಇದು ಬ್ಯಾಸಿಗೆಯಾಗೆ ದೂರ ಹೋಗಾಕೆ. ಬಿಸಿ ತಡೀತೈತೆ, ಅಣ್ಣಾರಿಗೆ ಮೈ ಕುಲುಕಾಕಿಲ್ಲ" ಎಂದರು.

ನಾನು ಎರಡನೆಯದರ ಮೇಲೆ ಅವರ ಎಡಗೈ ತೆಗೆದಿಟ್ಟೆ. ಹೆಬ್ಬೆರಳು ಮಡಿಚಿ ರಬ್ಬರನ್ನು ಒತ್ತಿತು. "ಇದೇ ತಗಳ್ಳಾಣಾ?"

"ಹೂಂ."

"ನೋಡಿದ್ರಾ!" ಎಂದು ಯಜಮಾನರ ಮುಂದೆ ಕಣ್ಣೀರು ಹಾಕಿಕೊಂಡೆ. ಅವರೂ ಖುಷಿಯಿಂದ ಬಗ್ಗಿ, "ಆದ್ರೆ ಆ ಗಟ್ಟೀದು ಚಲೋ ಅಲ್ಲೇನಣ್ಣಾ?" ಎಂದು ಕೇಳಿದರು. ಅದಕ್ಕೂ ನಮ್ಮವರು ಹೂಂ ಎಂದರು. "ಅದೂ ಚಲೋನೇ, ನಮಗೆ ಇದು ಸಾಕು ಅಂತಿದಾರೆ" ಎಂದು ನಾನು ಅರ್ಥ ಹೇಳಿದೆ. ಒಂದೂವರೆ ವರ್ಷದಿಂದ ನಾನು ಮಾಡಿಕೊಂಡು ಬಂದದ್ದೇ ಅದು. ಹೂಂ ಎಂದು ಉತ್ತರ ಬರಬೇಕಾದ ಪ್ರಶ್ನೆಯನ್ನಷ್ಟೇ ಕೇಳುವುದು. ತಪ್ಪಿ ಬೇರೆ ಯಾರಾದರೂ ಏನಾದರೂ ಕೇಳಿದರೆ, ಅರ್ಥ ಹೇಳಲು ನಾನಿದ್ದೆ.

ಹೊಸ ಟೈರಿನಲ್ಲಿ ಮನೆಗೆ ಬಂದವಳೇ ನಾದಿನಿಗೆ ಫೋನು ಮಾಡಿದೆ. "ನಿಮ್ಮಣ್ಣ ಟೈರು ಆರಿಸಿದ್ರು ಕಣಮ್ಮಾ" ಎಂದೆ. "ಚಲೋ ಆತು ಅತ್ತಿಗೆ" ಎಂದಳು. ನನಗೆ ಗೆದ್ದಂತಾಯಿತು.

ಶನಿವಾರ ಜಗಳೂರಿಗೆ ಹೊರಟೆವು. ಹೊನ್ನಾಳಿ ದಾಟುವ ಮುಂಚೆ ಗಾಳಿ ನೋಡಿಸಲು ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯವನಿಗೆ ನನಗಿಂತ ಒಂದೆರಡು ವರ್ಷ ಹೆಚ್ಚೇ ಇದ್ದೀತು. ಸ್ಟೇರಿಂಗ್ ಹಿಡಿದು ಕೂತ ನನ್ನನ್ನು ಬಿಟ್ಟು, ಪಕ್ಕದಲ್ಲಿದ್ದ ಗಂಡಸಿನ ಕಿಟಕಿಗೆ ಹೋದ.

"ಮೂವತ್ಮೂರು ಐತೆ ಯಜಮಾನ್ರೇ. ಬಿಸಿಲು ಭಾಳ ಐತೆ, ಗಾಳಿ ಹಿಗ್ಗಿ ಟೈರು ಸಿಡೀತೈತೆ. ಇಪ್ಪತ್ತೈದಕ್ಕೆ ಇಳಿಸ್ಲಾ?"

"ಹೂಂ" ಎಂದರು ನಮ್ಮ ಮನೆಯವರು.

ನಮ್ಮ ಕಡೆ ಬೇಸಿಗೆ ಬಂತೆಂದರೆ ಸುಮಾರು ಜನ ಹೀಗೆ ಗಾಳಿ ಇಳಿಸುತ್ತಾರೆ. ಈ ಒಂದು ಮಾತಿಗೆ ನನ್ನ ಗಂಡ ಊರಿನವರನ್ನೆಲ್ಲಾ ಎದುರು ಹಾಕಿಕೊಂಡಿದ್ದರು. ಗಾಳಿ ಕಮ್ಮಿಯಾದರೆ ಟೈರಿನ ಪಕ್ಕೆ ಮಡಿಚಿ ಮಡಿಚಿ ಇನ್ನೂ ಕಾಯುತ್ತದೆ, ಸಿಡಿಯುವುದು ಆಗಲೇ ಎಂದು ಗಂಟಲು ಹರಿಯುವಂತೆ ಕೂಗಾಡುತ್ತಿದ್ದರು. ಕೇಳದೆ ಗಾಳಿ ಇಳಿಸಿದ ಒಬ್ಬ ಡ್ರೈವರನ ಕೊರಳಪಟ್ಟಿ ಹಿಡಿದದ್ದನ್ನು ನಾನೇ ಬಿಡಿಸಿದ್ದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವರು ಇದಕ್ಕೆ ಹೂಂ ಎನ್ನುವವರಲ್ಲ.

"ಇಳಿಸಬ್ಯಾಡ್ರಿ!" ಎಂದು ಕಿರುಚಿದೆ.

ಅವನು ಬೆಚ್ಚಿದ. "ಯಜಮಾನ್ರೇ ಹೂಂ ಅಂದ್ರಲ್ರೀ ಅಮ್ಮಾ?"

ಇದಕ್ಕೆ ಅರ್ಥ ಹೇಳಲು ನನ್ನಿಂದಾಗಲಿಲ್ಲ. ಎಷ್ಟು ತಡಕಾಡಿದರೂ ಒಂದು ಅರ್ಥ ಸಿಗಲಿಲ್ಲ. ಅವನು ಗೊಣಗುತ್ತಾ ಒಳಗೆ ಹೋದ ಮೇಲೆ ಅವರ ಕಡೆ ತಿರುಗಿದೆ.

"ನಾವೀಗ ಜಗಳೂರಿಗೆ ಹೊಂಟೀವಿ, ಅಲ್ವಾ?"

"ಹೂಂ."

"ಚನ್ನಗಿರಿಗೆ ಹೊಂಟೀವಿ, ಅಲ್ವಾ?"

"ಹೂಂ."

ನಮಗೆ ಮಕ್ಕಳಿಲ್ಲ. "ನಮಗೆ ಮೂರು ಜನ ಹೆಣ್ಮಕ್ಳು, ಅಲ್ವಾ?"

"ಹೂಂ." ಅದೇ ಮೃದುವಾದ ದನಿ, ಅದೇ ಕಣ್ಣು, ನಿಧಾನಕ್ಕೆ ಬಾಗಿ ಏಳುವ ಅದೇ ತಲೆ.

ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಹಾಳಾದ ನಾಲಿಗೆ ನಿಲ್ಲಲಿಲ್ಲ. ಒಂದೂವರೆ ವರ್ಷದಲ್ಲಿ ಮೊದಲ ಸಲ ನನಗೆ ಬೇಡವಾದ ಪ್ರಶ್ನೆ ಕೇಳಿದೆ. "ಆವತ್ತು ನಿಮ್ಮನ್ನ ಬಿಟ್ಟು ಶಾಲೆಗೆ ಹೋದ್ನಲ್ಲಾ, ಅದನ್ನ ನೀವು ಸಾಯೋತನಕ ಕ್ಷಮಿಸಾಕಿಲ್ಲ, ಹೌದಾ?"

ಅವರು ನನ್ನ ಮುಖವನ್ನೇ ನೋಡಿದರು. "ಹೂಂ" ಎಂದರು.

ಹಿಂದಿನ ಹೂಂ ನಿಜವೋ, ಈ ಹೂಂ ನಿಜವೋ, ಎರಡೂ ಅಲ್ಲವೋ, ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ, ಅವರು ನನ್ನ ಪಕ್ಕದಲ್ಲೇ ಸೀಟ್‌ಬೆಲ್ಟ್ ಹಾಕಿಕೊಂಡು ಕೂತಿದ್ದರು. ರಸ್ತೆ ಬದಿಯಲ್ಲಿ, ಪಂಕ್ಚರ್ ಅಂಗಡಿಯವನು ನೋಡುತ್ತಿದ್ದಾನೆಂಬ ನಾಚಿಕೆಯೂ ಇಲ್ಲದೆ ಅತ್ತೆ. ಅವರು ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡರು. ಅದಕ್ಕೆ ನಾನು ಅರ್ಥ ಹುಡುಕಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು ಗಾಡಿ ತೆಗೆದೆ. ಟೈರುಗಳೇನೋ ಒಳ್ಳೆಯವೇ. ಜಗಳೂರು ಮುಟ್ಟುವವರೆಗೆ ಕಾರಿನೊಳಗೆ ಒಂದು ಸದ್ದೂ ಇರಲಿಲ್ಲ.