ಕೈಕೆಳಗಿನವರ ಪತ್ರ

ನಮ್ಮ ಮನೆಯಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಿರೇಕೆರೂರಿನ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದಿದ್ದೇನೆ. ಪರೀಕ್ಷೆಯ ಹಿಂದಿನ ದಿನವೂ ಅವ್ವನ ಜೊತೆ ಬೆಂಡಿ ಹೊಲದಲ್ಲಿ ಕ್ರಾಸಿಂಗ್ ಮಾಡಿದ್ದೇನೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದು ಅಪ್ಪ. ಅದು ಸ್ವಲ್ಪ ಎಡಕ್ಕೆ ವಾಲಿದೆ, ಯಾರೂ ಸರಿಪಡಿಸಿಲ್ಲ.

ಕ್ರಾಸಿಂಗ್ ಎಂದರೆ ನಮ್ಮ ಭಾಗದ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀಜದ ಕಂಪನಿಗಳಿಗಾಗಿ ಬೆಂಡೆಯ ಹೈಬ್ರಿಡ್ ಬೀಜ ತೆಗೆಯುವ ಕೆಲಸ ಅದು. ಮರುದಿನ ಅರಳಬೇಕಾದ ಮೊಗ್ಗನ್ನು ಮಧ್ಯಾಹ್ನದ ಮೇಲೆ ಉಗುರಿನಿಂದ ಬಿಡಿಸಿ ಅದರ ಗಂಡು ಭಾಗ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ಹೊಲದಿಂದ ಗಂಡು ಹೂವು ತಂದು ಅದಕ್ಕೆ ಮುಟ್ಟಿಸಿ, ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ದಾರವಿಲ್ಲದ ಕಾಯಿ ಬೀಜಕ್ಕೆ ಬರುವುದಿಲ್ಲ, ಕಿತ್ತು ಒಗೆಯಬೇಕು.

ಪದವಿಯಾದ ಮೇಲೆ ಅದೇ ಹೊಲಗಳಿಗೆ ನಾನು ಸೂಪರ್‌ವೈಸರ್ ಆದೆ. ಹನ್ನೊಂದು ವರ್ಷ ಸ್ಕೂಟಿಯ ಮೇಲೆ ರಟ್ಟೀಹಳ್ಳಿ, ಅಬಲೂರು, ಹಾನಗಲ್ಲ ಎಂದು ತಿರುಗಿದೆ. ಆಮೇಲೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕು ನೋಡಿಕೊಳ್ಳುವ ಹುದ್ದೆ ಖಾಲಿಯಾಯಿತು. ನನ್ನನ್ನು ಇನ್‌ಚಾರ್ಜ್ ಮಾಡಿದರು. ಕಾಯಂ ಆಗಬೇಕಾದರೆ ಸ್ನಾತಕೋತ್ತರ ಪದವಿ ಬೇಕಿತ್ತು.

ಎರಡು ದಾರಿಗಳಿದ್ದವು. ಮನೆಗೇ ಪುಸ್ತಕ ತರಿಸಿಕೊಂಡು ಓದಿ ಪರೀಕ್ಷೆ ಬರೆಯುವ ಎಂಬಿಎ ಒಂದು. ಇನ್ನೊಂದು, ಕೆಲಸದಲ್ಲಿರುವವರಿಗೆಂದೇ ಹುಬ್ಬಳ್ಳಿಯಲ್ಲಿ ಶನಿವಾರ ಭಾನುವಾರ ನಡೆಸುವ ನಾಯಕತ್ವದ ಪದವಿ, ಎರಡು ವರ್ಷದ್ದು.

"ಎಂಬಿಎ ಮಾಡ್ರಿ, ಅದಕ್ಕ ತೂಕ ಐತಿ. ಆ ಇನ್ನೊಂದರ ಹೆಸರ ಯಾರಿಗೂ ತಿಳಿಯೂದಿಲ್ಲ," ಎಂದರು ನಮ್ಮ ಸಾಹೇಬರು.

ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಮುಂದಾಳು ಆಗಾಕ ಸಾಲಿ ಬೇಕೇನ? ನಮ್ಮೂರಾಗ ನೋಡು, ಒಬ್ಬಾಂವನೂ ಸಾಲಿ ಕಲ್ತಿಲ್ಲ, ಎಲ್ಲಾರೂ ಮುಂದಾಳ ಅದಾರ."

ನಾನು ಎರಡರ ಪಾಠಪಟ್ಟಿಯನ್ನೂ ತರಿಸಿ ಓದಿದೆ. ಹುಬ್ಬಳ್ಳಿಯದರಲ್ಲಿ, ಜೊತೆಗೆ ಕೆಲಸ ಮಾಡುವವರಿಗೆ ಕೆಟ್ಟ ಸುದ್ದಿ ಹೇಳುವುದು ಹೇಗೆ, ಅವರು ಒಪ್ಪದಿದ್ದಾಗ ಕೇಳಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಒಂದು ಇಡೀ ಪತ್ರಿಕೆ ಇತ್ತು. ಹನ್ನೊಂದು ವರ್ಷ ಆ ಎರಡೂ ಕೆಲಸವನ್ನು ನಾನು ಬೈದು ಮುಗಿಸಿದ್ದೆ. ಬೇರೆ ರೀತಿ ಗೊತ್ತಿರಲಿಲ್ಲ. ಹಾಗಾಗಿ ಅದನ್ನೇ ಆರಿಸಿಕೊಂಡೆ.

ಅರ್ಜಿಯ ಜೊತೆ ಮೂರು ಪತ್ರ ಕೇಳಿದ್ದರು. ಎರಡು ಮೇಲಿನವರಿಂದ. ಮೂರನೆಯದು ನಮ್ಮ ಕೈಕೆಳಗೆ ಕೆಲಸ ಮಾಡಿದವರಿಂದ, ಅವರದೇ ಮಾತಿನಲ್ಲಿ.

ನಾನು ಅದನ್ನು ಮನೆಯಲ್ಲೇ ಬರೆದೆ. ನಮ್ಮ ಮೇಲ್ವಿಚಾರಕಿಯವರು ಶಿಸ್ತಿನವರು, ಸಮಯಪಾಲಕರು, ಮಾತೃಹೃದಯಿ ಎಂದೆಲ್ಲ. ಚೆನ್ನಾಗಿಯೇ ಬಂದಿತ್ತು. ತೆಗೆದುಕೊಂಡು ಅಬಲೂರಿನ ಹೊಲಕ್ಕೆ ಹೋದೆ. ಅಲ್ಲಿಯ ಗ್ಯಾಂಗಿನ ಹಿರಿಯಾಕೆ ಅವ್ವನ ಜೊತೆ ಒಂದೇ ಸಾಲಿನಲ್ಲಿ ಕ್ರಾಸಿಂಗ್ ಮಾಡಿದವಳು. ಚಿಕ್ಕಮ್ಮನ ಸಮಾನ ಎಂದು ನಾನು ಅವಳನ್ನು ಚಿಗವ್ವ ಎನ್ನುತ್ತೇನೆ. ನನಗೆ ನೌಕರಿ ಬಂದ ದಿನದಿಂದ ಅವಳು ನನ್ನನ್ನು ಮೇಡಂ ಎನ್ನುತ್ತಾಳೆ.

ಊಟದ ಹೊತ್ತು. ಬೇವಿನ ಗಿಡದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದ್ದರು. ಚಿಗವ್ವನಿಗೆ ಸಹಿ ಹಾಕಲು ಹೇಳಿದೆ.

"ಓದ್ರಿ ಮೊದ್ಲ. ಓದದ ಸಹಿ ಮಾಡಬಾರ್ದಂತ ನೀವ ಹೇಳೀರಿ."

ಓದಿದೆ.

"ಮಾತೃಹೃದಯಿ ಅಂದ್ರೇನ್ರಿ ಮೇಡಂ?"

"ತಾಯಿ ಮನಸ್ಸಿನಾಕಿ ಅಂತ."

"ನಮ್ಮವ್ವ ಸುದ್ದಾ ಹಿಂಗ ಬೈದಿಲ್ಲ ಬಿಡ್ರಿ," ಎಂದಳು ಪಕ್ಕದಲ್ಲಿ ಕುಳಿತವಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚಿಗವ್ವ ಮಾತ್ರ ನಗಲಿಲ್ಲ. ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ಇದು ನಾ ಹೇಳಿದ್ದಲ್ಲ. ಬ್ಯಾರೆ ಹಾಳಿ ತಗೀರಿ. ನಾ ಹೇಳತೇನಿ, ಬರಕೋರಿ."

ತೆಗೆದೆ.

"ಹ್ವಾದ ವರ್ಷ ಜಿಟಿಜಿಟಿ ಮಳಿ ಹಿಡಿದಿತ್ತು. ಗಂಡು ಹೂವು ತೊಯ್ದಾವ, ಇವತ್ತ ಮುಟ್ಟಸೂದು ಬ್ಯಾಡ ಅಂದ್ನಿ. ಮೇಡಂ ಕೇಳಲಿಲ್ಲ. ಕಾಯಿ ಹಿಡೀಲಿಲ್ಲ. ಆಮ್ಯಾಲ ಹೆಣ್ಣಮಕ್ಕಳ ಕೈ ಸರಿ ಇಲ್ಲಂತ ಆಫೀಸಿಗೆ ಬರದ್ರು. ಇಬ್ಬರು ಹುಡಿಗ್ಯಾರ್ನ ಬಿಡಿಸಿದ್ರು." ಅವಳು ನನ್ನ ಕೈ ನೋಡಿದಳು. "ಯಾಕ ನಿಂತ್ರಿ?"

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಂದು ಕಿತ್ತು ತಂದ ಹೂವು ಹಾಳಾಗುತ್ತದೆ ಎಂದು ನಾನೇ ಹಟ ಹಿಡಿದಿದ್ದೆ. ವರದಿಯಲ್ಲಿ ಕಾರಣ ಎಂಬ ಒಂದು ಕಾಲಂ ಇರುತ್ತದೆ. ಅಲ್ಲಿ "ಕೆಲಸಗಾರರ ಕೈದೋಷ" ಎಂದು ಬರೆದೆ. ಆಫೀಸಿನಿಂದ ಹೆಸರು ಕೇಳಿದಾಗ ಹೊಸದಾಗಿ ಬಂದಿದ್ದ ಇಬ್ಬರ ಹೆಸರು ಕೊಟ್ಟೆ.

"ಚಿಗವ್ವ, ಇದನ್ನ ಬರದ್ರ ನನಗ ಸೀಟ ಸಿಗೂದಿಲ್ಲ."

"ಸಿಗದಿದ್ರ ಬಿಡು. ನಾ ಸಾಲ್ಯಾಗ ಕಲ್ತದ್ದು ನನ್ನ ಹೆಸರು ಬರಿಯೂದು ಒಂದ. ಅದನ್ನ ಕಂಡಕಂಡಲ್ಲಿ ಇಡಾಕ ಆಗೂದಿಲ್ಲ."

ಹನ್ನೊಂದು ವರ್ಷದ ಮೇಲೆ ಅವಳು ನನ್ನನ್ನು ಮತ್ತೆ ನೀನು ಎಂದಿದ್ದಳು.

"ಇನ್ನೊಂದು ಬರಿ. ಈ ವರ್ಷ ಮುಂಜಾನೆ ಬಂದಾಕಿ ಮೊದಲ ಹೂವು ನೋಡಿ, ಏನಂತೀರಿ ಅಂತ ನನ್ನ ಕೇಳತಾಳ. ಕೇಳಿ, ನಾ ಹೇಳಿದಂಗ ಮಾಡತಾಳ. ಬೈಯೂದು ಕಡಿಮಿ ಆಗಿಲ್ಲ. ಇಷ್ಟ."

ಅವಳು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ನಾನು ಹಾಳೆ ಮಡಚಿ ಬ್ಯಾಗಿಗೆ ಹಾಕಿದೆ. ಮೊದಲಿನ ಪತ್ರವೂ ಅದೇ ಬ್ಯಾಗಿನಲ್ಲಿತ್ತು.

ಶನಿವಾರ ಹಾನಗಲ್ಲ ಕಡೆಯ ಹೊಲಕ್ಕೆ ಹೋದೆ. ಕೆಲಸವೂ ಇತ್ತು, ಆದರೆ ಹೋಗಿದ್ದು ಮೊದಲಿನ ಪತ್ರಕ್ಕೆ ಸಹಿ ಹಾಕಿಸಲು. ಅಲ್ಲಿಯ ಗ್ಯಾಂಗಿನ ಹಿರಿಯಾಕೆ ಪತ್ರದಲ್ಲಿ ಏನಿದೆ ಎಂದು ಕೇಳಲಿಲ್ಲ. "ಎಲ್ಲಿ ಮಾಡ್ಲಿರಿ?" ಎಂದಷ್ಟೇ ಕೇಳಿದಳು. ಬೆರಳು ತೋರಿಸಿದ ಕಡೆ ಸಹಿ ಮಾಡಿ, ಕೆಂಪು ದಾರದ ಉಂಡೆ ಎತ್ತಿಕೊಂಡು ಹೊರಟುಹೋದಳು.

ಈಗ ಎರಡು ಪತ್ರಗಳಿದ್ದವು. ಕಳಿಸಲು ಸೋಮವಾರ ಕೊನೆಯ ದಿನ.

ಭಾನುವಾರವೆಲ್ಲ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಬಟ್ಟೆ ಒಗೆದೆ, ಸ್ಕೂಟಿ ತೊಳೆದೆ. ಆದರೆ "ಎಲ್ಲಿ ಮಾಡ್ಲಿರಿ" ಎಂಬ ಮಾತು ತಲೆಯಲ್ಲಿ ಉಳಿದಿತ್ತು. ನಾನು ಯಾವ ವರದಿ ಬರೆದು ಮುಂದೆ ಹಿಡಿದರೂ ಆಕೆ ಹೀಗೇ ಕೇಳುತ್ತಿದ್ದಳು. ಹಾನಗಲ್ಲದ ಹೊಲದಲ್ಲಿ ನನ್ನ ತಪ್ಪನ್ನು ನನಗೆ ಹೇಳುವವರು ಯಾರೂ ಇರಲಿಲ್ಲ ಎಂಬುದು ಅಂದು ಗೊತ್ತಾಯಿತು. ಸೋಮವಾರ ಚಿಗವ್ವನ ಪತ್ರ ಕಳಿಸಿದೆ.

ಹುಬ್ಬಳ್ಳಿಯ ಸಂದರ್ಶನದಲ್ಲಿ ಮೂವರಿದ್ದರು. ಪತ್ರ ಓದಿದ್ದ ಹೆಂಗಸೊಬ್ಬರು ಕನ್ನಡಕ ತೆಗೆದು ಕೇಳಿದರು, "ಆ ವರದಿ ತಿದ್ದಿದ್ದೀರಾ?"

"ಇಲ್ಲ."

"ಯಾಕೆ?"

"ಯಾರೂ ಕೇಳಲಿಲ್ಲ."

ಅವರು ಏನೋ ಬರೆದುಕೊಂಡರು. ಬೇರೇನೂ ಕೇಳಲಿಲ್ಲ.

ವಾಪಸಾಗುವಾಗ ಬಸ್ಸು ಗೊಟಗೋಡಿಯ ಹತ್ತಿರ ಬಹಳ ಹೊತ್ತು ನಿಂತಿತು. ರಾಕ್ ಗಾರ್ಡನ್ ನೋಡಲು ಬಂದ ಶಾಲೆ ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿದ್ದರು. ಸೀಟು ಸಿಗುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ತಿದ್ದಬೇಕಾದ ವರದಿಯೊಂದು ಉಳಿದಿದೆ ಎನಿಸಿತು.

ಮರುದಿನ ಸಾಹೇಬರಿಗೆ ಒಂದು ಪುಟ ಬರೆದು ಕೊಟ್ಟೆ. ಕಾರಣ: ಮೇಲ್ವಿಚಾರಕಿಯ ನಿರ್ಧಾರ. ಆ ಇಬ್ಬರನ್ನು ವಾಪಸು ಕರೆಯಬೇಕು.

"ಮುಗದ ಕತಿ ಯಾಕ ತಗೀತೀರಿ? ಇನ್‌ಚಾರ್ಜ್ ಅದೀರಿ, ಸುಮ್ನ ಇರ್ರಿ," ಎಂದರು. ನಾನು ಪುಟ ವಾಪಸು ತೆಗೆದುಕೊಳ್ಳಲಿಲ್ಲ. ಹದಿನೈದು ದಿನದಲ್ಲಿ ಇನ್‌ಚಾರ್ಜ್ ನನ್ನಿಂದ ಹೋಗಿ ಸವಣೂರಿನ ಸೂಪರ್‌ವೈಸರಿಗೆ ಬಂತು. ಅವನು ನನಗಿಂತ ಆರು ವರ್ಷ ಕಿರಿಯ. ಅದೇ ವಾರ ಹುಬ್ಬಳ್ಳಿಯಿಂದ ಸೀಟು ಸಿಕ್ಕ ಪತ್ರವೂ ಬಂತು. ಯಾವ ಹುದ್ದೆಗಾಗಿ ಅರ್ಜಿ ಹಾಕಿದ್ದೆನೋ ಅದು ಈಗ ಕೈಗೆ ಹತ್ತಿರವಿಲ್ಲ. ಆದರೂ ಸೇರಿದೆ. ಕೇಳಿಸಿಕೊಳ್ಳುವುದನ್ನು ಕಲಿಸುವ ಆ ಒಂದು ಪತ್ರಿಕೆ ನನಗೆ ಬೇಕಾಗಿತ್ತು.

ಬಿಡಿಸಿದ್ದ ಹುಡುಗಿಯರನ್ನು ಕರೆಯಲು ಮಾತ್ರ ಆಫೀಸಿನವರು ಒಪ್ಪಿದರು. ಇಬ್ಬರಲ್ಲಿ ಒಬ್ಬಳು ವಾಪಸು ಬಂದಳು. ಇನ್ನೊಬ್ಬಳು ಸವಣೂರಿನಲ್ಲಿ ಹೊಲಿಗೆ ಹಿಡಿದಿದ್ದಳು. ಫೋನಿನಲ್ಲಿ, "ಬ್ಯಾಡ್ರಿ ಮೇಡಂ, ಇಲ್ಲೆ ನೆರಳಾಗ ಅದೇನಿ," ಎಂದಳು. ಸಿಟ್ಟಿನಿಂದಲೂ ಹೇಳಲಿಲ್ಲ, ಪ್ರೀತಿಯಿಂದಲೂ ಹೇಳಲಿಲ್ಲ.

ಮೊದಲ ಕ್ಲಾಸಿನ ಹಿಂದಿನ ದಿನ ಚಿಗವ್ವ ಕೇಳಿದಳು, "ಶನಿವಾರ ನೀ ಇರೂದಿಲ್ಲ. ಮಳಿ ಬಂದ್ರ ಯಾರ್ನ ಕೇಳೂದು?"

"ಯಾರ್ನೂ ಕೇಳಬ್ಯಾಡ್ರಿ. ನೀವ ಹೂವು ನೋಡಿ ತೀರ್ಮಾನ ಮಾಡ್ರಿ."

"ತಪ್ಪಾದ್ರ ಆಫೀಸಿನ ವರದ್ಯಾಗ ಯಾರ ಹೆಸರು ಬರೀತಿ?"

"ತೀರ್ಮಾನ ನಿಮಗ ಬಿಟ್ಟಾಕಿ ನಾನು. ನಂದ ಬರೀತೇನಿ."

ಅವಳು ತಲೆಯಾಡಿಸಿ ಮೊಗ್ಗು ಬಿಡಿಸಲು ಸಾಲಿಗೆ ಇಳಿದಳು. ಶನಿವಾರ ಹಿರೇಕೆರೂರಿನಲ್ಲಿ ಬಸ್ಸು ಹತ್ತುವಾಗ ಮೋಡವಿತ್ತು. ಚಿಗವ್ವನಿಗೆ ಫೋನ್ ಮಾಡಬೇಕೆನಿಸಿತು. ಮಾಡಲಿಲ್ಲ.