ನಿಂಬೆ ತೋಟದ ನೀರಿಗೆ ದಾರಿ ತೋರಿದಾಕೆ

ಬೆಳಕು ಹರಿಯುವ ಹೊತ್ತಿಗೆ ಉರುಕುಂದಮ್ಮ ಮೊಳಕಾಲುದ್ದದ ಕೆಸರಿನಲ್ಲಿ ನಿಂತು ಗುದ್ದಲಿ ಬೀಸುತ್ತಿದ್ದಾರೆ. ಆದವಾನಿಯ ಹೊರಗೆ, ಕೆರೆಯ ಕೆಳಗೆ, ಹತ್ತಿ ವ್ಯಾಪಾರಿ ಮಲ್ಲಯ್ಯನವರ ನಿಂಬೆ ತೋಟವಿದು. ಆಂಧ್ರ ಪ್ರದೇಶವಾಗಿ ವರ್ಷ ತುಂಬುವ ಹೊತ್ತಿಗೆ ಸುರಿದ ಮಳೆಯನ್ನು ಇಲ್ಲಿನ ಎರೆಮಣ್ಣು ಇನ್ನೂ ಬಿಟ್ಟುಕೊಟ್ಟಿಲ್ಲ. ಎಲೆಗಳು ಹಳದಿಗೆ ತಿರುಗಿವೆ. ಆಕೆ ಬುಡದ ಮಣ್ಣನ್ನು ಹಿಡಿದು ಮೂಸುತ್ತಾರೆ.

“ಬೇರು ಕೊಳಿಯಾಕ ಹತ್ಯಾವ. ಇವತ್ತು ನೀರು ಇಳಿದ್ರ ಉಳಿತಾವ.”

ಗಂಡ ಸುಂಕಣ್ಣ ಬಾವಿ ತೋಡುವಾಗ ದಂಡೆ ಕುಸಿದು ಸತ್ತು ಏಳು ವರ್ಷವಾಯಿತು. “ಹೆಣ್ಣಾಳು ಬುಟ್ಟಿ ಹೊರಬೇಕು, ಗುದ್ದಲಿ ಹಿಡಿಬಾರ್ದು ಅಂದ್ರು. ಮನ್ಯಾಗ ಮೂರು ಮಕ್ಳು ಹಸ್ಕೊಂಡು ಕುಂತಿದ್ವು. ಅಂದೋರು ಯಾರೂ ಒಂದು ರೊಟ್ಟಿ ತರಲಿಲ್ರಿ. ನಾ ಗುದ್ದಲಿ ಹಿಡಿದೆ.”

ಅಂದಿನಿಂದ ಹದಿನೆಂಟು ತೋಟಗಳಲ್ಲಿ ನಿಂತ ನೀರನ್ನು ಹೊರಗೆ ಹರಿಸಿದ್ದಾರೆ. ಆಕೆ ಅಗೆಯುತ್ತಾರೆ, ನಾದಿನಿ ಅಂಬಮ್ಮ ಮಣ್ಣು ಹೊರುತ್ತಾರೆ. ದಿನಕ್ಕೆ ಆರು ಮಾರು. ಕಾಲುವೆಯ ತಳಕ್ಕೆ ಕಲ್ಲು ತುಂಬಿ ಮೇಲೆ ಮಣ್ಣು ಎಳೆಯುತ್ತಾರೆ, ನೀರು ಕಲ್ಲಿನ ಸಂದಿಯಲ್ಲಿ ಬಸಿದು ಹೋಗುತ್ತದೆ. ಇಳಿಜಾರು ನೋಡಲು ಒಂದು ಹುಲ್ಲುಕಡ್ಡಿ ತೇಲಿಬಿಟ್ಟರೆ ಸಾಕು.

ಈ ತೋಟದ ಕೆಲಸ ಮಾತ್ರ ಜಗಳದಿಂದಲೇ ಶುರುವಾಯಿತು. ತೋಟದ ಪಕ್ಕದ ತಗ್ಗಿನಲ್ಲಿ ಕೂಲಿಗಳ ಗುಡಿಸಲುಗಳಿವೆ. ನೀರನ್ನು ಅಲ್ಲಿಗೇ ಬಿಡು, ಇಪ್ಪತ್ತು ಮಾರಿನಲ್ಲಿ ಮುಗಿಯುತ್ತದೆ ಎಂದರು ಮಲ್ಲಯ್ಯ. ಹಳ್ಳಕ್ಕೆ ಒಯ್ಯಬೇಕಾದರೆ ಅರವತ್ತು ಮಾರು. ಉರುಕುಂದಮ್ಮ ಗುದ್ದಲಿ ಕೆಳಗಿಟ್ಟರು.

“ನಿಮ್ಮ ಗಿಡದ ಬೇರು ಕೊಳಿತಾವಂತ ನಮ್ಮ ಮಂದಿ ಕಾಲು ಕೊಳಿಬೇಕೇನ್ರಿ, ಸಾವ್ಕಾರ್ರ?”

“ಬ್ಯಾರೆ ಆಳು ಸಿಗಂಗಿಲ್ಲೇನು ನನಗ?”

“ಕರಸ್ರಿ. ನಾ ಮಾತ್ರ ಆ ಕಡೆ ಒಂದು ಮೊಳಾನೂ ಅಗಿಯಂಗಿಲ್ಲ.”

ಚಿಪ್ಪಗಿರಿಯಿಂದ ಇಬ್ಬರು ಬಂದರು. ಇಳಿಜಾರು ತಿಳಿಯದೆ ಅಗೆದ ಗುಂಡಿಯಲ್ಲಿ ನೀರು ನಿಂತಲ್ಲೇ ನಿಂತಿತು. ಮೂರನೆಯ ದಿನ ಮಲ್ಲಯ್ಯನವರೇ ಉರುಕುಂದಮ್ಮನವರ ಗುಡಿಸಲಿಗೆ ಬಂದು, “ಸರೇ, ಹಳ್ಳಕ್ಕ ಒಯ್ಯಿ, ಬಾ” ಎಂದರು.

ಹಳ್ಳದ ಕಡೆ ಅಗೆಯಲು ಹಿಡಿದು ಇಂದಿಗೆ ಹತ್ತನೆಯ ದಿನ. ಕೊನೆಯ ಹೆಂಟೆ ಒಡೆದದ್ದೇ ತಡ, ಕಪ್ಪು ನೀರು ಸದ್ದು ಮಾಡುತ್ತ ಹಳ್ಳಕ್ಕೆ ಧುಮುಕುತ್ತದೆ. ಅಂಬಮ್ಮ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ನಗುತ್ತಾರೆ. ನಲವತ್ತು ಗಿಡಗಳಲ್ಲಿ ಒಂಬತ್ತು ಹೋಗಿವೆ, ಉಳಿದವು ಬದುಕುತ್ತವೆ.

ಬದುವಿನ ಮೇಲೆ ಆಗಲೇ ಇನ್ನೊಬ್ಬರು ಕಾಯುತ್ತಿದ್ದಾರೆ. ಸಿ. ಬೆಳಗಲ್ಲಿನ ರೈತ ಭೀಮಲಿಂಗಪ್ಪ. “ನಮ್ಮ ತ್ವಾಟದಾಗೂ ನೀರು ನಿಂತೈತಿ. ಬರ್ತೀಯೇನಮ್ಮಾ?”

ಉರುಕುಂದಮ್ಮ ಕೈಯ ಕೆಸರು ತೊಳೆಯುತ್ತಲೇ ಕೇಳುತ್ತಾರೆ: “ನೀರು ಎತ್ತಾಗ ಬಿಡಸ್ಬೇಕಂತ ಮಾಡೀರಿ? ಮೊದ್ಲು ಅದು ಹೇಳ್ರಿ. ಗುದ್ದಲಿ ಆಮ್ಯಾಲೆ.”